ತಂತಿಯ ಮೇಲಿನ ಚೌಕ ಬಟ್ಟೆ

ಸೊರಬದಿಂದ ಶನಿವಾರದ ಮೊದಲ ಬಸ್ಸು ಹಿಡಿದು ತಾಳಗುಂದದ ಕಡೆಯ ಪ್ರೌಢಶಾಲೆಯೊಂದಕ್ಕೆ ಹೋಗುತ್ತಿದ್ದೆ. ಚೀಲದಲ್ಲಿ ಅಲ್ಲಿನ ಹುಡುಗಿಯರಿಗೆ ಹಂಚಲು, ಒಗೆದು ಮತ್ತೆ ಬಳಸುವ ಬಟ್ಟೆಯ ಪ್ಯಾಡುಗಳಿರುತ್ತಿದ್ದವು. ಮುಟ್ಟನ್ನು ಮೈಲಿಗೆಯೆನ್ನುವುದು ತಪ್ಪು. ಅಂಗಡಿಯ ಪ್ಯಾಡು ಕೊಳ್ಳಲಾಗದೆ ಹುಡುಗಿಯೊಬ್ಬಳು ಪಾಠ ಕಳೆದುಕೊಳ್ಳುವುದು ಅನ್ಯಾಯ. ಅದನ್ನು ಕಂಡೂ ಪಿಸುಮಾತಿನಲ್ಲಿ ಮುಗಿಸುವ ನಮ್ಮ ಸಭ್ಯತೆ ಇನ್ನೂ ದೊಡ್ಡ ಅನ್ಯಾಯ. ಇದರಲ್ಲಿ ಒಂದಕ್ಷರವನ್ನೂ ನಾನು ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ.

ಪ್ಯಾಡು ಕೊಟ್ಟು ಎರಡು ತಿಂಗಳಾದರೂ ಒಂಬತ್ತನೆಯ ತರಗತಿಯ ಒಬ್ಬಳು ಮಾತ್ರ ತಿಂಗಳಿಗೆ ನಾಲ್ಕು ದಿನ ಶಾಲೆಗೆ ಬರುತ್ತಿರಲಿಲ್ಲ. ಹೀಗೇ ತಪ್ಪಿಸಿದರೆ ಈ ವರ್ಷಕ್ಕೇ ಓದು ಬಿಡಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಕಾರಣ ಕೇಳಿದೆ.

"ಒಣಗಲ್ಲ ಅಕ್ಕಾ. ಕೊಟ್ಟಿಗೆ ಹಿಂದೆ, ಅಮ್ಮನ ಸೀರೆ ಕೆಳಗೆ ಹಾಕ್ತೀನಿ. ಬೆಳಿಗ್ಗೆ ನೋಡಿದ್ರೆ ಹಸಿ ಹಸೀನೇ ಇರ್ತೈತೆ."

"ಬಿಸಿಲಿಗೆ ಹಾಕು. ನಾಚಿಕೆ ಪಡುವಂಥದ್ದು ಏನಿದೆ?"

"ನೀವೇ ಬಂದು ನಮ್ಮಜ್ಜಿ ಎದುರಿಗೆ ಹಾಕ್ರಿ, ನೋಡಾಣ!"

ಪಕ್ಕದ ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಒಣಹಾಕಲು ಜಾಗವಿಲ್ಲದವಳಿಗೆ ನಾನು ಒಗೆಯುವ ವಿಧಾನ ಕಲಿಸಿ ಹೋಗಿದ್ದೆ. ಎರಡೂ ಕಡೆ ರೆಕ್ಕೆ ಚಾಚಿದ ಆ ಪ್ಯಾಡು ತಂತಿಗೆ ಬಿದ್ದರೆ ತಾನೇನೆಂದು ಬೀದಿಗೇ ಹೇಳುತ್ತಿತ್ತು.

ಅಂದೇ ಶಿಕಾರಿಪುರಕ್ಕೆ ಹೋಗಿ, ನಮಗೆ ಪ್ಯಾಡು ಹೊಲಿದುಕೊಡುವ, ಎಲ್ಲರೂ ಆಪಾ ಎಂದರೆ ಅಕ್ಕ ಎಂದೇ ಕರೆಯುವ ದರ್ಜಿಯ ಮುಂದೆ ವಿಷಯವಿಟ್ಟೆ. ಅವರು ಹೂವಿನ ಬಟ್ಟೆಯೊಂದನ್ನು ಕತ್ತರಿಸಿ ಪ್ಯಾಡನ್ನು ಎರಡು ಮಾಡಿದರು. ಒಂದು, ನೆರಳಲ್ಲೂ ಒಣಗುವ ತೆಳು ಪಟ್ಟಿ. ಇನ್ನೊಂದು, ಮಡಿಸಿ ಅದರೊಳಗೆ ಸಿಕ್ಕಿಸುವ ಚೌಕ. ಬಿಡಿಸಿದರೆ ಥೇಟ್ ಕರವಸ್ತ್ರ.

"ಇದು ಮತ್ತೆ ಮುಚ್ಚಿಟ್ಟ ಹಾಗೇ ಆಯಿತಲ್ಲ ಆಪಾ?" ಎಂದೆ.

"ಮೇಡಂ, ಹುಡುಗಿ ಸ್ಕೂಲಿಗೆ ಬರೋದು ಮೊದ್ಲು ಬೇಕಾ, ನಿಮಗೆ ಅಜ್ಜಿ ಜೊತೆ ಜಗಳ ಮೊದ್ಲು ಬೇಕಾ?"

ಆರು ಚೌಕ, ಅವಕ್ಕೆ ಪಟ್ಟಿ ಹೊಲಿಸಿಕೊಂಡು ಬಂದು ಅವಳಿಗೆ ಕೊಟ್ಟೆ.

ಮುಂದಿನ ತಿಂಗಳು ನಾನು ಹೋದ ಶನಿವಾರ ಅವಳಿಗೆ ಮುಟ್ಟಿನ ಮೂರನೆಯ ದಿನ. ತರಗತಿಯಲ್ಲಿದ್ದಳು. ಬಿಡುವಿನಲ್ಲಿ ಓಡಿಬಂದು, ಅಜ್ಜಿಯ ದನಿಯನ್ನೇ ತೆಗೆದು ಹಿಂದಿನ ದಿನದ್ದನ್ನು ಹೇಳಿದಳು: "'ಮುಟ್ಟಾದಾಗ್ಲೇ ಒಗೆಯೋ ಕರವಸ್ತ್ರ ಯಾವೂರ್ದೇ ಇದು? ನಾನೇನ್ ಕುರುಡಿ ಅನ್ಕಂಡಿಯಾ?' ಅಂತು ಅಕ್ಕಾ!"

"ಆಮೇಲೆ?"

"ಆಮೇಲೇನಿಲ್ಲ. 'ಆ ಕಡೆ ತುದಿಗೆ ಹಾಕು, ಬಿಸಿಲು ಅಲ್ಲೈತೆ. ನಾಳೆ ಸ್ಕೂಲಿಗೆ ಹೋಗ್ಬೇಕಲ್ಲ' ಅಂತು."

ಆ ಮನೆಯಲ್ಲಿ ಮೈಲಿಗೆ ಇನ್ನೂ ಅಳಿದಿಲ್ಲ. ಆ ದಿನಗಳಲ್ಲಿ ಅಡುಗೆಮನೆಯ ಹೊಸ್ತಿಲನ್ನು ಅವಳು ಈಗಲೂ ದಾಟುವಂತಿಲ್ಲ. ಅದೂ ತಪ್ಪೇ, ಅವರ ಮನೆಗೆ ಹೋದಾಗಲೆಲ್ಲ ಹೇಳುತ್ತೇನೆ. ಅಜ್ಜಿ ಕೇಳಿಸಿಕೊಂಡು ಚಹಾ ಕೊಡುತ್ತಾರೆ. ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ.