ರಸ್ತೆ ದಾಟಿದವರ ಪಟ್ಟಿ

ಬಣ್ಣದಂಗಡಿಯ ಅಕ್ಕನಿಗೆ ಥಿನ್ನರ್ ಮೂಸುವ ಚಟವಿದೆಯೆಂದು ನಾನು ಬಹಳ ದಿನ ನಂಬಿದ್ದೆ. ನಂಬದೆ ಏನು ಮಾಡಲಿ? ಹಳೇ ಮೇಜಿಗೆ ಪಾಲಿಶ್ ಕೊಡೋಣವೆಂದು ಅರ್ಧ ಲೀಟರ್ ಕೇಳಿದರೆ, ಅವಳು ಗಲ್ಲಾದಿಂದ ಬಗ್ಗಿ ನನ್ನ ಜೇಬಿನ ಕರವಸ್ತ್ರ ಎಳೆದುಕೊಂಡು ಮೂಸಿದಳು.

"ಬರೀ ನೆಗಡಿ. ತಗೊಂಡ್ಹೋಗಿ" ಎಂದಳು.

ಅದು ತಪಾಸಣೆಯೆಂದು ಆಮೇಲೆ ತಿಳಿಯಿತು. ನಶೆಗೆ ಮೂಸುವವರು ಥಿನ್ನರನ್ನು ಬಟ್ಟೆಗೆ ಸುರಿದುಕೊಳ್ಳುತ್ತಾರೆ. ಬಣ್ಣ ಬಳಿಯುತ್ತಿದ್ದ ಅವಳ ಗಂಡ ಹಾಗೇ ಮೂಸಿ ಮೂಸಿ ತೀರಿಹೋದ. ಕರವಸ್ತ್ರ ನಾರಿದರೆ ಎಂಥ ದೊಡ್ಡಮನುಷ್ಯನಿಗೂ ಅಲ್ಲಿ ಡಬ್ಬಿ ಸಿಗದು.

ಅಂಥವರೆಲ್ಲ ಎದುರಿನ ಅಂಗಡಿಗೆ ಹೋಗುತ್ತಿದ್ದರು. ಅದು ಅವಳ ಮೈದುನನದು. ಗಾಜಿನ ಬಾಗಿಲು, ತಿರುಗುವ ಕುರ್ಚಿ. ಅಲ್ಲಿಗೆ ನೊಣ ಹೋದರೂ ಅಕ್ಕನ ಹೊಟ್ಟೆಯಲ್ಲಿ ಕೆಂಡ ಬೀಳುತ್ತಿತ್ತು.

"ನೋಡಿ, ಆರನೇ ಗಿರಾಕಿ! ಮುಖ ನೋಡಿದ್ರೆ ಗೊತ್ತಾಗುತ್ತೆ, ಬಣ್ಣ ಹೊಡೆಯೋಕೆ ಗೋಡೆನೇ ಇಲ್ಲ!"

ಅಷ್ಟರಲ್ಲಿ ಹೊಸ ಕಾನೂನು ಬಂತು. ಮೂಸುವವರಿಗೆ ಮಾರುವುದು ಅಪರಾಧ, ಕೊಂಡವರ ಹೆಸರು, ವೇಳೆ ಪುಸ್ತಕದಲ್ಲಿರಬೇಕು, ಬೀದಿಗೊಂದೇ ಪರವಾನಗಿ. ಥಿನ್ನರ್ ಇಲ್ಲದ ಬಣ್ಣದಂಗಡಿಗೆ ಯಾರು ಬರುತ್ತಾರೆ? ಪರವಾನಗಿ ತಪ್ಪಿದರೆ ಅಕ್ಕ ಬಾಗಿಲು ಹಾಕಿಕೊಳ್ಳಬೇಕಿತ್ತು.

ತಪಾಸಣೆಗೆ ಬಂದ ಅಧಿಕಾರಿ, ಕಾನೂನನ್ನು ತಾವೇ ಹೆತ್ತವರಂತೆ ಅಕ್ಕನ ಅಂಗಡಿಯಲ್ಲಿ ಕುರ್ಚಿ ತುಂಬಿ ಕೂತರು. ಮೈದುನ ರಟ್ಟು ಹಾಕಿಸಿದ ಪುಸ್ತಕ ಹಿಡಿದು ಅಲ್ಲಿಗೇ ಬಂದ. ಒಳಗೆ ಮುತ್ತು ಪೋಣಿಸಿದಂಥ ಅಕ್ಷರ. ಅಧಿಕಾರಿ ತಲೆದೂಗಿದರು.

"ನಿಮ್ಮದೆಲ್ಲಮ್ಮಾ?"

ಅಕ್ಕ ಬಣ್ಣ ಮೆತ್ತಿದ ನೋಟ್‌ಬುಕ್ ಕೊಟ್ಟಳು.

"ಇವರೆಲ್ಲ ಕೊಂಡವರಾ?"

"ಅಲ್ಲ ಸಾರ್. ಕರ್ಚೀಫು ನಾರುತ್ತೆ ಅಂತ ನಾನು ಓಡಿಸಿದವರು. ಸೀದಾ ರಸ್ತೆ ದಾಟಿ ಇವನ ಹತ್ರ ಹೋದ್ರು."

"ಕೊಂಡವರನ್ನ ಬರೀಬೇಕಮ್ಮಾ, ಓಡಿಸಿದವರನ್ನಲ್ಲ!"

"ಅಯ್ಯೋ, ಉಲ್ಟಾ ಬರೆದ್ನಾ?"

ಮೈದುನ ಕಿಸಕ್ಕನೆ ನಕ್ಕ. "ಕಾನೂನು ಮೂಗಲ್ಲಿ ಓದೋದಲ್ಲ ಅತ್ತಿಗೆ."

ಅಧಿಕಾರಿ ನಗಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಳಾಡಿಸಿದರು. ಹನ್ನೊಂದು ಹತ್ತಕ್ಕೆ ಅಕ್ಕ ಓಡಿಸಿದವನ ಹೆಸರು, ಹನ್ನೊಂದೂಕಾಲಿಗೆ ಮೈದುನನ ಪುಸ್ತಕದಲ್ಲಿ ಮುತ್ತಾಗಿ ಕೂತಿತ್ತು. ಪುಟಪುಟವೂ ಹಾಗೇ. ಅವನ ಡಬ್ಬಿಗಳಿಗೆ ಅಂದೇ ಮೊಹರು ಬಿತ್ತು. ಪರವಾನಗಿ ಅಕ್ಕನಿಗೆ ಬಂತು, ಇನ್ನುಮುಂದೆ ಕೊಂಡವರನ್ನೂ ಬರೆಯಬೇಕೆಂಬ ಗದರಿಕೆಯ ಸಮೇತ.

ನನಗೆ ಕಣ್ಣು ತುಂಬಿ ಬಂತು. ಭಾಷಣದ ದನಿಯಲ್ಲೇ ಕೇಳಿದೆ: "ಅಕ್ಕಾ, ಗಂಟೆ ನಿಮಿಷ ಸಮೇತ ಬರೆದಿಟ್ಟಿದ್ದೀರಲ್ಲ, ಸಮಾಜದ ಮೇಲೆ ನಿಮಗೆ ಅಷ್ಟೊಂದು ಕಾಳಜಿಯೇ?"

"ಯಾವ ಸಮಾಜ? ಹೊಟ್ಟೆಕಿಚ್ಚು ಕಣ್ರೀ. ಅವನಿಗೆಷ್ಟು ಗಿರಾಕಿ ಅಂತ ಲೆಕ್ಕ ಇಡ್ತಿದ್ದೆ."