ಐವತ್ತಮೂರನೇ ಸೀಟಿನ ಟವಲ್

ನಮ್ಮ ಕಡೆ ಗುಡುಗಿನ ಸದ್ದು ಕೇಳಿದರೆ ಸಾಕು, ಮನೆಯ ಪ್ಲಗ್ಗುಗಳೆಲ್ಲ ಕೈಗೆ ಬರುತ್ತವೆ. ಮಳೆ ಬರುತ್ತದೋ ಇಲ್ಲವೋ, ಮೊದಲು ಟಿವಿ, ಆಮೇಲೆ ಫ್ರಿಜ್ಜು, ಕೊನೆಗೆ ಮಿಕ್ಸಿ. ಮಿಕ್ಸಿ ಆಗ ಓಡುತ್ತಿರುವುದೇ ಇಲ್ಲ, ಆದರೂ ಅದರ ಪ್ಲಗ್ಗನ್ನೂ ಕಿತ್ತರೇ ಅಮ್ಮನಿಗೆ ಸಮಾಧಾನ. ಆ ಶನಿವಾರ ಸಂಜೆ ಹೊಸದುರ್ಗದ ಮೇಲೆ ಒಂದೆರಡು ಸಲ ಗುಡುಗಿ, ನಾಲ್ಕು ಹನಿ ಉದುರಿಸಿ ಮೋಡ ಮುಂದಕ್ಕೆ ಹೋಯಿತು. ನಾನು ತರಕಾರಿ ತೆಗೆದುಕೊಂಡು ಬರುವಷ್ಟರಲ್ಲಿ ಸಜ್ಜೆಯ ಮೇಲಿನ ಹಳೇ ಲ್ಯಾಪ್‌ಟಾಪಿನ ಪ್ಲಗ್ಗೂ ಮೊದಲ ಸಲ ಜೋತಾಡುತ್ತಿತ್ತು. ಅದರ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಮತ್ತೆ ಸಿಕ್ಕಿಸಿದೆ, ದೀಪ ಹತ್ತಿತು, ಇನ್ನೇನು ತಾನೇ ಎದ್ದುಕೊಳ್ಳುತ್ತದೆ ಎಂದು ಅಡುಗೆಗೆ ಹೋದೆ.

ಆ ಲ್ಯಾಪ್‌ಟಾಪ್ ನಮ್ಮ ಮನೆಯ ಕಾವಲುಗಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಕಂಪ್ಯೂಟರ್ ನನ್ನ ಕೆಲಸವಲ್ಲ, ಚಟ. ಫೋನು ಯಾವ ವೆಬ್‌ಸೈಟ್ ತೆರೆಯಬೇಕಾದರೂ ಮೊದಲು ಅದರ ವಿಳಾಸ ಎಲ್ಲಿದೆ ಎಂದು ಯಾರನ್ನಾದರೂ ಕೇಳಬೇಕು. ಹೊಸಬರು ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತವರನ್ನು ಇಂಥವರ ಮನೆ ಯಾವುದು ಎಂದು ಕೇಳುತ್ತಾರಲ್ಲ, ಹಾಗೆ. ಈ ದಾರಿ ಹೇಳುವ ಕೆಲಸದವನಿಗೆ ಡಿಎನ್‌ಎಸ್ ಸರ್ವರ್ ಎಂದು ಹೆಸರು. ಹೊರಗಿನ ಕಟ್ಟೆಯ ಬದಲು ಮನೆಯಲ್ಲೇ ಒಬ್ಬನನ್ನು ಕೂರಿಸಿಕೊಂಡು ಅವನಿಗೆ ನಾನು ಹೇಳಿಕೊಟ್ಟಿದ್ದೆ: ಕಳ್ಳರ ಮನೆ ಯಾರಾದರೂ ಕೇಳಿದರೆ ಅಂಥ ಮನೆಯೇ ಇಲ್ಲ ಅನ್ನು.

ಇಷ್ಟೆಲ್ಲ ಮಾಡಿದ್ದು ಅಮ್ಮನಿಗಾಗಿ. ಒಂದು ದಿನ ಅವಳು ಫೋನಿನಲ್ಲಿ ಭಜನೆ ಕೇಳುತ್ತಿದ್ದಾಗ ಪರದೆಯೆಲ್ಲ ಕೆಂಪಾಗಿ ಸೈರನ್ ಕೂಗಿತು. ಫೋನು ಕೆಟ್ಟಿದೆ, ಈ ನಂಬರಿಗೆ ಕರೆ ಮಾಡಿ ಎಂದಿತು. ಅಮ್ಮ ಮಾಡಿದಳು. ಆ ಕಡೆಯವನು ನಯವಾಗಿ ಅವಳ ಬ್ಯಾಂಕಿನ ವಿವರ ಕೇಳುತ್ತಿದ್ದಾಗ ನಾನು ಶಾಲೆಯಿಂದ ಬಂದು ಫೋನು ಕಿತ್ತುಕೊಂಡೆ. ಕಳೆದುಕೊಂಡದ್ದು ಏನೂ ಇಲ್ಲ, ಅವಳ ಧೈರ್ಯ ಮಾತ್ರ. ಫೋನನ್ನು ಅಪ್ಪನ ಹಳೇ ಟವಲಿನಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟವಳು ಆ ಬೇಸಿಗೆ ಇಡೀ ಮುಟ್ಟಲಿಲ್ಲ. ಅದೇ ಬೇಸಿಗೆಯಲ್ಲಿ ಬಾಗೂರಿನಲ್ಲಿದ್ದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ದೊಡ್ಡಮ್ಮನಿಗೆ ಕಿವಿ ಕೇಳುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಾಳೆ. ಬರೀ ಕರೆ ಮಾಡಿದರೆ ಪ್ರಯೋಜನವಿಲ್ಲ, ವಿಡಿಯೋದಲ್ಲಿ ಮುಖ ಕಾಣಬೇಕು. ಅಮ್ಮನ ಮಂಡಿಗೆ ಬಸ್ಸು ಹತ್ತುವ ಶಕ್ತಿ ಮೊದಲಿನಂತೆ ಉಳಿದಿಲ್ಲ. ಹೀಗೆ ಅಕ್ಕತಂಗಿಯರ ನಡುವೆ ಇದ್ದದ್ದು ಆ ಟವಲಿನ ಗಂಟು.

ನಾನು ಕಾವಲುಗಾರನನ್ನು ಕೂರಿಸಿ, ಎಲ್ಲ ಕಳ್ಳರನ್ನಲ್ಲದಿದ್ದರೂ ಹೆಚ್ಚಿನವರನ್ನು ಇದು ಬಾಗಿಲಲ್ಲೇ ತಡೆಯುತ್ತದೆ ಎಂದು ಮಾತು ಕೊಟ್ಟ ಮೇಲೆಯೇ ಗಂಟು ಬಿಚ್ಚಿದ್ದು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ದೊಡ್ಡಮ್ಮನ ಸೊಸೆ ಅಲ್ಲಿ ಫೋನು ಹಿಡಿಯುತ್ತಾಳೆ, ಅಮ್ಮ ಇಲ್ಲಿ ತಲೆ ಬಾಚಿ ಕುಂಕುಮ ಇಟ್ಟು ಕೂರುತ್ತಾಳೆ.

ಆ ಭಾನುವಾರವೂ ಹಾಗೆ ಕೂತಳು. ಫೋನಿನ ಪರದೆಯ ಮೇಲೆ ಚಕ್ರ ಗುಂಡಗೆ ತಿರುಗಿತೇ ಹೊರತು ದೊಡ್ಡಮ್ಮನ ಮುಖ ಬರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ರೂಟರನ್ನು ಬೈದು ಆರಿಸಿ ಹಚ್ಚಿದೆ, ಕೇಬಲ್ ಬೈದು ಬದಲಾಯಿಸಿದೆ, ಇಂಟರ್‌ನೆಟ್ಟಿನ ಕಂಪನಿಯವರ ವಂಶವನ್ನೂ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ಸಜ್ಜೆಯಿಂದ ಲ್ಯಾಪ್‌ಟಾಪ್ ಇಳಿಸಿ ನೋಡಿದರೆ ದಾರಿ ಹೇಳುವ ಸರ್ವರೇ ಎದ್ದಿಲ್ಲ. ಎಬ್ಬಿಸಿದೆ, ಬಿತ್ತು. ಅಳಿಸಿ ಹೊಸದಾಗಿ ಹಾಕಿದೆ, ಬಿತ್ತು. ಆಮೇಲೆ ಅದು ಮೊದಲಿನಿಂದ ಹೇಳುತ್ತಿದ್ದ ಕಾರಣವನ್ನು ಓದಿದೆ: ಐವತ್ತಮೂರನೇ ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ.

ಪೋರ್ಟ್ ಅಂದರೆ ಕಂಪ್ಯೂಟರಿನೊಳಗಿನ ನಂಬರ್ ಹಾಕಿದ ಜಾಗ. ಆ ಪೋರ್ಟಿನಲ್ಲಿ ನನ್ನ ಸರ್ವರ್ ಬಿಟ್ಟು ಬೇರೆ ಯಾರಿಗೂ ಕೆಲಸವಿಲ್ಲ. ಹಾಗಾದರೆ ಅಲ್ಲಿ ಕೂತಿರುವವನು ಯಾರು? ರಾತ್ರಿ ಯಾರಾದರೂ ಹೊರಗಿನಿಂದ ನುಗ್ಗಿಬಿಟ್ಟರೇ? ಕಳ್ಳರನ್ನು ತಡೆಯಲು ಕಾವಲು ಇಟ್ಟ ಮನೆಯಲ್ಲೇ ಕಳ್ಳ ಕೂತಿದ್ದರೆ ಅಮ್ಮನಿಗೆ ಏನೆಂದು ಹೇಳಲಿ? ನಿಜವಾಗಿಯೂ ಹೆದರಿದೆ.

ಅಷ್ಟರಲ್ಲಿ ಅಮ್ಮ ಪಕ್ಕಕ್ಕೆ ಬಂದು ನಿಂತಳು. ಕೈಯಲ್ಲಿ ಫೋನು, ಹೆಗಲ ಮೇಲೆ ಟ್ರಂಕಿನಿಂದ ತೆಗೆದ ಆ ಟವಲ್. ಟವಲ್ ನೋಡಿಯೇ ನನಗೆ ಅರ್ಥವಾಯಿತು: ಇವತ್ತು ಸುತ್ತಿಟ್ಟರೆ ಮತ್ತೆ ಬಿಚ್ಚುವುದಿಲ್ಲ. ಅಡ್ಡದಾರಿಯೊಂದು ಇತ್ತು. ಮನೆಯ ಕಾವಲುಗಾರನನ್ನು ಬಿಟ್ಟು ಹೊರಗಿನ ಕಟ್ಟೆಯನ್ನೇ ಕೇಳು ಎಂದು ರೂಟರಿಗೆ ಹೇಳಿದರೆ ಕ್ಷಣದಲ್ಲಿ ದೊಡ್ಡಮ್ಮ ಕಾಣುತ್ತಿದ್ದಳು, ಅಮ್ಮನಿಗೆ ಗೊತ್ತೂ ಆಗುತ್ತಿರಲಿಲ್ಲ. ನನ್ನ ಕೈ ಅತ್ತ ಹೋಗಿತ್ತು ಕೂಡ.

"ಕಾವಲು ಐತೇನೇ ಈಗ?" ಎಂದಳು ಅಮ್ಮ.

ಐತೆ ಎನ್ನಲು ಮನಸ್ಸು ಬರಲಿಲ್ಲ. ಇಲ್ಲ, ಅದು ಎದ್ದಿಲ್ಲ ಎಂದೆ. ಯಾಕೆ ಎಂದಳು. ಸಿಟ್ಟಿನಲ್ಲೇ ವಿವರಿಸಿದೆ. ಕಂಪ್ಯೂಟರಿನಲ್ಲಿ ಬಸ್ಸಿನ ಹಾಗೆ ನಂಬರ್ ಹಾಕಿದ ಸೀಟುಗಳಿರುತ್ತವೆ, ದಾರಿ ಹೇಳುವವನದು ಐವತ್ತಮೂರನೇ ಸೀಟು, ಅದರಲ್ಲಿ ಯಾರೋ ಇದ್ದಾರಂತೆ, ಆದರೆ ಫೋನು ದಾರಿ ಕೇಳಿದರೆ ಯಾರೂ ಉತ್ತರ ಕೊಡುತ್ತಿಲ್ಲ.

"ಕುಂತವ್ರೋ, ಟವಲ್ ಹಾಕವ್ರೋ?" ಎಂದು ಕೇಳಿ ತನ್ನ ಮಾತಿಗೆ ತಾನೇ ನಕ್ಕಳು. ಆ ನಗು ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಅದು ಹಿರಿಯೂರಿನ ಬಸ್ಸಿನ ಕಥೆ, ನಮ್ಮ ಮನೆಯಲ್ಲಿ ನೆಂಟರು ಸೇರಿದಾಗಲೆಲ್ಲ ಒಮ್ಮೆ ಬರಲೇಬೇಕು.

ಆಗ ಅಪ್ಪ ಇದ್ದರು, ನಾನು ಚಿಕ್ಕವಳು. ಹಿರಿಯೂರಿಗೆ ಕುರಿ ಮಾರಲು ಹೋಗಿ ಹೊಸದುರ್ಗಕ್ಕೆ ವಾಪಸು ಬರುವ ಬಸ್ಸು. ನಮ್ಮಲ್ಲಿ ಸೀಟು ಹಿಡಿಯುವುದು ಬಾಗಿಲಿನಿಂದಲ್ಲ, ಕಿಟಕಿಯಿಂದ. ಹೊರಗಿನಿಂದಲೇ ಟವಲ್ ಎಸೆದರೆ ಆ ಸೀಟು ನಮ್ಮದು, ಎಂಥ ಜಗಳಗಂಟನೂ ಅದಕ್ಕೆ ಮರ್ಯಾದೆ ಕೊಡುತ್ತಾನೆ. ಅಪ್ಪ ಅದೇ ತಾನೆ ಕೊಂಡಿದ್ದ ಹೊಸ ಟವಲನ್ನು ಎಸೆದು ಹಿಂದಿನ ಬಾಗಿಲಲ್ಲಿ ನುಗ್ಗಿ ಜನರ ನಡುವೆ ಸಿಕ್ಕಿಹಾಕಿಕೊಂಡರು. ಮುಂದಿನ ಬಾಗಿಲಲ್ಲಿ ಹತ್ತಿದ ಅಮ್ಮ ಆ ಟವಲ್ ನೋಡಿದಳು. ಹೊಸದು, ಗುರುತಿಲ್ಲ. ಯಾರದೋ ಸೀಟು ಎಂದು ಪಕ್ಕದಲ್ಲೇ ನಿಂತಳು. ನಿಂತದ್ದಷ್ಟೇ ಅಲ್ಲ, ಕೂರಲು ಬಂದವರನ್ನೆಲ್ಲ ಟವಲ್ ಕಾಣಂಗಿಲ್ವಾ ಎಂದು ಗದರಿಸಿ ಅದನ್ನು ಕಾದಳು. ನಾನು ಅವಳ ಸೆರಗು ಹಿಡಿದು ತೂಗಾಡುತ್ತಾ ಅಳುತ್ತಿದ್ದೆ. ಮಾರಿಕಣಿವೆಯಲ್ಲಿ ಜನ ಇಳಿದು ಜಾಗವಾದಾಗ ಅಪ್ಪ ಮುಂದೆ ಬಂದು, ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಕೂತರು. ಯಾಕೆ ನಿಂತಿದ್ದೀಯ ಎಂದು ಕೇಳಿದರಂತೆ. ಅಮ್ಮ ಊರು ಬರುವವರೆಗೆ ಮಾತಾಡಲಿಲ್ಲ, ಕೂರಲೂ ಇಲ್ಲ.

ಅದನ್ನು ನೆನೆದು ಆ ಹೆದರಿಕೆಯಲ್ಲೂ ನನಗೆ ನಗು ಬಂತು. ನಕ್ಕ ಮೇಲೆ ತಲೆ ಸ್ವಲ್ಪ ಓಡಿತು. ಬೈದದ್ದಾಯಿತು, ಅಳಿಸಿದ್ದಾಯಿತು, ಹೆದರಿದ್ದಾಯಿತು; ಸೀಟಿನಲ್ಲಿರುವವನ ಹೆಸರು ಮಾತ್ರ ನಾನು ಕೇಳಿರಲಿಲ್ಲ. ಕೇಳಲು ಒಂದೇ ಸಾಲಿನ ಆಜ್ಞೆ ಸಾಕು. ಬರೆದು ಎಂಟರ್ ಒತ್ತಿ ನೋಡಿದೆ.

ನಮ್ಮದೇ ಟವಲ್!

ಈಗಿನ ಸರ್ವರಿಗಿಂತ ಮುಂಚೆ ನಾನು ಬೇರೊಂದನ್ನು ಹಾಕಿ ನೋಡಿದ್ದೆ. ಸರಿಬರದೆ ಅದನ್ನು ನಿಲ್ಲಿಸಿದ್ದೆನೇ ಹೊರತು ತೆಗೆದಿರಲಿಲ್ಲ. ಮುರಿದ ಮಿಕ್ಸಿಯನ್ನೂ ಇರಲಿ, ಮುಂದೆ ಬೇಕಾದೀತು ಎಂದು ಸಜ್ಜೆಗೇರಿಸುವ ಮನೆಯವಳು ನಾನು. ಲ್ಯಾಪ್‌ಟಾಪ್ ಇನ್ವರ್ಟರಿನ ದಯೆಯಿಂದ ಆರದೆ ಓಡುತ್ತಿದ್ದಷ್ಟು ದಿನ ಅದು ಮಲಗಿತ್ತು. ಅಮ್ಮ ಪ್ಲಗ್ ಕಿತ್ತು ನಾನು ಸಿಕ್ಕಿಸಿದಾಗ ಎಲ್ಲರಿಗಿಂತ ಮೊದಲು ಎದ್ದು, ಹಳೇ ಅಭ್ಯಾಸದಂತೆ ಐವತ್ತಮೂರರಲ್ಲಿ ಕೂತುಬಿಟ್ಟಿದೆ. ಲ್ಯಾಪ್‌ಟಾಪಿಗಷ್ಟೇ ಉತ್ತರ ಕೊಡುವಂತೆ ಅದನ್ನು ಕಟ್ಟಿದ್ದವಳೂ ನಾನೇ. ಹಾಗಾಗಿ ಮನೆಯ ಫೋನುಗಳು ಎಷ್ಟು ಕೇಳಿದರೂ ಅದಕ್ಕೆ ಕಿವಿಯಿಲ್ಲ. ಹೊಸಬ ಬಂದು ಸೀಟು ಸಿಗದೆ ಬೀಳುತ್ತಿದ್ದ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

ಹೋದ ಜೀವ ಬಂದ ಹಾಗಾಯಿತು. ಯಾರೂ ನುಗ್ಗಿರಲಿಲ್ಲ. ಹಳಬನನ್ನು ನಿಲ್ಲಿಸಿದೆ, ಈ ಸಲ ಬೇರುಸಹಿತ ತೆಗೆದೆ, ಹೊಸಬನನ್ನು ಎಬ್ಬಿಸಿದೆ. ನಿಂತ. ಆದರೂ ನಂಬದೆ ಲ್ಯಾಪ್‌ಟಾಪನ್ನು ಒಮ್ಮೆ ಪೂರ್ತಿ ಆರಿಸಿ ಹಚ್ಚಿದೆ. ತಾನಾಗಿಯೇ ಎದ್ದು ಐವತ್ತಮೂರರಲ್ಲಿ ಕೂತ. ಕಳ್ಳರ ಒಂದು ವಿಳಾಸ ಕೇಳಿದೆ, ಅಂಥ ಮನೆಯಿಲ್ಲ ಎಂದ. ಆ ಉತ್ತರ ಓದಿ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಐತೆ ಕಣಮ್ಮ, ಕಾವಲು ಐತೆ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಕೇಳಿ ತಲೆಯಾಡಿಸಿ ಕರೆ ಮಾಡಿದಳು. ತಡವಾದದ್ದಕ್ಕೆ ಬಾಗೂರಿನಲ್ಲಿ ದೊಡ್ಡಮ್ಮ ಮುಖ ಊದಿಸಿಕೊಂಡಿದ್ದಳು. ಅಮ್ಮ ತುಟಿಯನ್ನು ದೊಡ್ಡದಾಗಿ ಅಲ್ಲಾಡಿಸಿ ಡಿಎನ್‌ಎಸ್ ವಿವರಿಸಲು ನೋಡಿದಳು. ದೊಡ್ಡಮ್ಮನಿಗೆ ಒಂದೂ ತಿಳಿಯಲಿಲ್ಲ. ಆಗ ಅಮ್ಮ ಫೋನನ್ನು ಗೋಡೆಗೆ ಒರಗಿಸಿಟ್ಟು, ಹೆಗಲಿನ ಟವಲ್ ತೆಗೆದು, ಪಕ್ಕದ ಕುರ್ಚಿಯ ಮೇಲೆ ಎಸೆದು, ಅದರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ತೋರಿಸಿದಳು. ಆಮೇಲೆ ನನ್ನ ಕಡೆ ಬೆರಳು ಮಾಡಿದಳು. ದೊಡ್ಡಮ್ಮ ಕ್ಷಣ ದಿಟ್ಟಿಸಿ, ಬೊಚ್ಚುಬಾಯಿ ಅಗಲಿಸಿ, ಸೊಂಟ ಹಿಡಿದುಕೊಂಡು ನಕ್ಕಳು.

"ಇವ್ಳೂ ನಿನ್ನಂಗೇ ನಿಂತಿದ್ಲಾ?" ಎಂದಳು.

ಅಪ್ಪ ಹೋದ ಮೇಲೆ ಅಮ್ಮ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಮಾತು ಮುಗಿದ ಮೇಲೆ ಫೋನನ್ನು ಕಿಟಕಿಯ ಬಳಿ ಚಾರ್ಜಿಗೆ ಹಾಕಿದಳು. ಟವಲನ್ನು ಮಡಚಿ ಟ್ರಂಕಿಗೆ ಒಯ್ಯುತ್ತಾಳೆ ಅಂದುಕೊಂಡೆ. ಒಯ್ಯಲಿಲ್ಲ. ಆ ಸೀಟು ಇನ್ನೂ ಅಪ್ಪನದೇ ಎಂಬ ಹಾಗೆ ಅದನ್ನು ಕುರ್ಚಿಯ ಮೇಲೆಯೇ ಬಿಟ್ಟು, ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.