ನಾನು ಎತ್ತದೆ ಬಿಟ್ಟ ಸಾಲು

ನನ್ನ ಜೋಡಿದಾರನ ಹತ್ತೂ ಬೆರಳ ತುದಿಗಳಲ್ಲಿ ಕಾಗದದ ಅಂಚು ಕೊಯ್ದ ಸಣ್ಣ ಬಿಳಿ ಗೆರೆಗಳಿದ್ದವು. ನನ್ನವೂ ಹಾಗೇ. ದಾಂಡೇಲಿಯ ಕಾಗದ ಗಿರಣಿಯಲ್ಲಿ ಒಂದೇ ಮೇಜಿನ ಆಚೆ ಈಚೆ ನಿಂತು ಹಾಳೆ ಎಣಿಸಿ ರೀಮು ಕಟ್ಟಿದವರು ನಾವು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ ನನ್ನ ಕೆಲಸದಲ್ಲಿ ಯಾರೂ ತಪ್ಪು ಹಿಡಿದಿಲ್ಲ. ಅವನು ರದ್ದಿ ಹಾಳೆಯ ಮೇಲೆ ಭಜನೆಯ ಪದ ಬರೆಯುತ್ತ ನಿಂತರೆ ಅವನ ಪಾಲಿನದನ್ನೂ ನಾನೇ ಕಟ್ಟುತ್ತಿದ್ದೆ.

ಸೋಮವಾರದ ಭಜನೆಯಲ್ಲಿ ಅವನು ಹಾರ್ಮೋನಿಯಂ ಪೇಟಿ ನುಡಿಸುತ್ತ ತಾನು ಕಟ್ಟಿದ ಪದ ಹೇಳುವನು. ತಾಳ ಹಿಡಿದು ಹಿಂದೆ ಕೂತು, ಅವನು ಹೇಳಿ ಬಿಟ್ಟ ಪ್ರತಿ ಸಾಲನ್ನೂ ಎತ್ತಿ ಮತ್ತೆ ಹೇಳುವವನು ನಾನು. ನನ್ನ ದನಿ ಅವನದಕ್ಕಿಂತ ಗಟ್ಟಿ. ಆದರೆ ಜನ ಬರುತ್ತಿದ್ದುದು ಅವನಿಗಾಗಿ.

"ನೀ ಎತ್ತಿದ ಮ್ಯಾಲೇ ಅದು ಪದಾ ಆಗತೈತಿ, ದೋಸ್ತಾ," ಎನ್ನುತ್ತಿದ್ದ. ಬರೀ ಪುಸಲಾವಣೆ ಅನಿಸುತ್ತಿತ್ತು ನನಗೆ.

ನಿವೃತ್ತಿಯಾದ ಮೇಲೆ ಬೆಂಗಳೂರಿನಿಂದ ಕ್ಯಾಮೆರಾದವರು ಬಂದರು. ಅವನ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಜನರನ್ನು ಕೂಡಿಸಿ, ಅವನು ಹಾಡುವುದನ್ನು ಸಾಕ್ಷ್ಯಚಿತ್ರ ಮಾಡಲು ಅಣಿಯಾದರು. ಅವನ ಅಂಗಿಗೆ ಮೈಕು ಸಿಕ್ಕಿಸಿದರು. ನನಗೆ, "ಯಜಮಾನ್ರೇ, ಸ್ವಲ್ಪ ಹಿಂದೆ ಸರೀರಿ, ಅಡ್ಡ ಬರ್ತೀರಿ," ಎಂದರು.

ಹೊಟ್ಟೆ ಉರಿಯಿತು. ಮೂರನೆಯ ಪದದಲ್ಲಿ ಅವನು ಸಾಲು ಹೇಳಿ ಬಿಟ್ಟಾಗ ನಾನು ಎತ್ತಲಿಲ್ಲ. ಹಾಡು ಕೆಡಲಿ ಎಂದೇ ತುಟಿ ಬಿಗಿದು ಕೂತೆ.

ಅವನು ಮುಂದೆ ಹೋಗಲಿಲ್ಲ. ಪೇಟಿಯ ಒಂದೇ ಸ್ವರ ಒತ್ತಿ ಹಿಡಿದು ಕಾದ.

"ಮುಂದುವರಿಸಿ ಸರ್," ಎಂದ ಕ್ಯಾಮೆರಾದವನು.

"ತಡೀರಿ. ಅವ ಎತ್ತಲಾರದ ನಮ್ಮಲ್ಲಿ ಪದಾ ಮುಂದ ಹೋಗಂಗಿಲ್ರಿ."

ಆಮೇಲೆ ಪೇಟಿ ಬಿಟ್ಟು, ಮೈಕನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ಬಾಗಿದ. "ಸಿಟ್ಟು ಆಮ್ಯಾಲೆ ಮಾಡುವಂತಿ. ಈಗ ಎತ್ತು."

ಎತ್ತಿದೆ.

ನಾಲ್ಕು ತಿಂಗಳಲ್ಲಿ ಅವನು ತೀರಿಕೊಂಡ. ಚಿತ್ರವನ್ನು ಸಮುದಾಯ ಭವನದಲ್ಲಿ ತೋರಿಸಿದರು. ಮೊದಲಿಂದ ಕೊನೆಯವರೆಗೂ ಅವನೇ. ಅವನು ಕಾಯುತ್ತಿದ್ದಷ್ಟು ಹೊತ್ತು ಮಾತ್ರ, ಪರದೆಯ ತುಂಬ ತುಟಿ ಬಿಗಿದ ನನ್ನ ಮುಖ.

"ಪದದಾಗ ಎಷ್ಟ್ ಮುಳುಗಿ ಕುಂತೀರ್ರಿ, ದೇವರನ್ನ ಕಂಡವರಂಗ," ಎಂದಳು ಹೆಂಡತಿ. ಓಣಿಯವರೂ ಅದನ್ನೇ ಅಂದರು. ನಾನು ಹೂಂ ಅಂದೆ. ಅದು ಹೊಟ್ಟೆಕಿಚ್ಚೆಂದು ಬಲ್ಲವನು ಅವನೊಬ್ಬನೇ ಇದ್ದ. ಯಾರ ಮುಂದೂ ಬಾಯಿ ಬಿಡದೆ ಹೋದ.

ಇವತ್ತಿಗೂ ಯಾರಾದರೂ ಅವನನ್ನು ಹೊಗಳಿದರೆ ನನ್ನೊಳಗೆ ಚುರುಕ್ ಎನ್ನುತ್ತದೆ. ಈಗ ಸೋಮವಾರ ಅವನ ಪದಗಳನ್ನು ಮುಂದೆ ಕೂತು ಹೇಳುವವನು ನಾನು. ಹಿಂದಿನವರು ಸಾಲು ಎತ್ತಲು ತಡಮಾಡಿದರೆ ಕಾಯುತ್ತೇನೆ. ಅವನಷ್ಟು ಹೊತ್ತು ಕಾಯುವುದು ನನ್ನಿಂದ ಇನ್ನೂ ಆಗಿಲ್ಲ.